ಮಜ್ಜಿಗೆ ಟೊಳ್ಳಾದ ದಿನ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹತ್ತಿರ ನಮ್ಮೂರು. ಸಂಜೆ ಜಗಲಿಯಲ್ಲಿ ಐದು, ಆರನೇ ಕ್ಲಾಸಿನ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ವಿರುದ್ಧ ಪದ ಅಂದರೆ ಮೊದಲು ನಾನೂ ಪಟ್ಟಿ ಬರೆಸಿ, ಬಾಯಿಪಾಠ ಮಾಡಿಸಿ ಸುಮ್ಮನಾಗುತ್ತಿದ್ದೆ. ಗಟ್ಟಿ × ಟೊಳ್ಳು ಅಂತ ಒಂದು ಜೋಡಿ ಇತ್ತು. ಅದನ್ನು ಕಲಿತ ಹುಡುಗನೊಬ್ಬ ವಾಕ್ಯ ಬರೆದ: "ನಮ್ಮಜ್ಜಿ ಮಾಡಿದ ಮಜ್ಜಿಗೆ ಟೊಳ್ಳಾಗಿದೆ."

ಎಲ್ಲರೂ ನಕ್ಕೆವು. ಆಮೇಲೆ ಯೋಚಿಸಿದರೆ ತಪ್ಪು ಅವನದಲ್ಲ, ನನ್ನ ಪಟ್ಟಿಯದು.

ಮಾರನೇ ದಿನ "ಗಟ್ಟಿ" ಒಂದನ್ನೇ ಹಿಡಿದು ಕೂತೆವು. ಮುದ್ದೆ ಗಟ್ಟಿ ಇಲ್ಲದಿದ್ದರೆ? ಮೆತ್ತಗೆ. ಮಜ್ಜಿಗೆ? ನೀರು ನೀರು, ತೆಳು. ಗಟ್ಟಿಯಾಗಿ ಓದಬೇಡ ಅಂದರೆ? ಮೆಲ್ಲಗೆ ಓದು. ಗಂಟು ಗಟ್ಟಿ ಇಲ್ಲದಿದ್ದರೆ ಸಡಿಲ. ರಾಗಿ ತೂರಿದಾಗ ಗಟ್ಟಿ ಕಾಳು ಕೆಳಗೆ ಬೀಳುತ್ತದೆ, ಜೊಳ್ಳು ಗಾಳಿಗೆ ಹಾರುತ್ತದೆ. ಟೊಳ್ಳು ಕೊನೆಗೆ ಮರದ ದಿಮ್ಮಿಗೆ ಸಿಕ್ಕಿತು. ಒಂದು ಪದಕ್ಕೆ ಆರು ಎದುರಾಳಿಗಳು! ನಮ್ಮ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಅಲ್ಲೂ ಗಟ್ಟಿ ಅಂದರೆ ಗಟ್ಟಿಯೇ. ಹಾಗಾಗಿ ಯಾರೂ ಹಿಂದೆ ಬೀಳಲಿಲ್ಲ.

ಅಂದಿನಿಂದ ವಾಕ್ಯ ಕೊಡದೆ ವಿರುದ್ಧ ಪದ ಕೇಳುವುದನ್ನೇ ಬಿಟ್ಟೆ. ಹಸಿ ಮೆಣಸಿನಕಾಯಿಗೆ ಒಣ ಮೆಣಸಿನಕಾಯಿ ಸರಿ. ತರಕಾರಿ ಇನ್ನೂ ಹಸಿಯಾಗಿದೆ ಅಂದರೆ ಅಲ್ಲಿ ಬೇಕಾದ್ದು "ಬೆಂದಿದೆ". ಹಸಿ ಗಾಯಕ್ಕೆ ಮಾಗಿದ ಗಾಯ.

"ಅ" ಹಚ್ಚುವುದು ಮಕ್ಕಳಿಗೆ ಬಲು ಸುಲಭ. ನ್ಯಾಯ, ಅನ್ಯಾಯ. ಶಾಂತಿ, ಅಶಾಂತಿ. ಆದರೆ ಇದು ಸಂಸ್ಕೃತದಿಂದ ಬಂದ ಪದಗಳ ಚಾಳಿ, "ಅಸಿಹಿ" ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಸಂಸ್ಕೃತ ಪದವೂ ಕೆಲವೊಮ್ಮೆ ಕೈಕೊಡುತ್ತದೆ. ಅಮೂಲ್ಯ ಅಂದರೆ ಬೆಲೆ ಇಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಒಬ್ಬಳಂತೂ ರಸಕ್ಕೆ "ಅ" ಹಚ್ಚಿ ಅರಸನನ್ನೇ ಕರೆತಂದಳು. ಅಲ್ಲಿ ನೀರಸ ಬೇಕಿತ್ತು.

ನಮ್ಮದು ಮಾವಿನ ಸೀಮೆ. ಕಾಯಿ × ಹಣ್ಣು ಬರೆಸಿದಾಗ ಒಬ್ಬ ಹುಡುಗಿ ಕೇಳಿದಳು: "ಮಿಸ್, ದೋರೆಗಾಯಿ ಯಾವ ಕಡೆ?" ಉಪ್ಪು ಖಾರ ಹಚ್ಚಿಕೊಂಡು ತಿನ್ನುವವರಿಗೆ ಅದು ಕಾಯಿಯೂ ಅಲ್ಲ, ಹಣ್ಣೂ ಅಲ್ಲ. ಬೋರ್ಡಿನಲ್ಲಿ ಎರಡರ ನಡುವೆ ಬರೆದೆ. ಬಿಸಿಗೂ ತಣ್ಣಗಿಗೂ ನಡುವೆ ಉಗುರುಬೆಚ್ಚಗೆ ಬಂತು. ಹುಟ್ಟು, ಸಾವಿನ ನಡುವೆ ಏನು ಬರೆಯೋದು ಅಂತ ಸ್ವಲ್ಪ ಜಗಳವೂ ಆಯಿತು. ಹಗಲು, ರಾತ್ರಿಯ ನಡುವೆ ಏನು ಅಂದೆ.

"ಟ್ಯೂಷನ್ನು" ಅಂದರು.