ನಾಟಿಗೆ ಮುನ್ನ ಅಂಗಳದಲ್ಲೇ ಬೆಳೆಸಿ ನೀಲಿ-ಹಸಿರು ಪಾಚಿ

ಮಳೆ ಹಿಡಿದ ವಾರದೊಳಗೆ ಕಾಸರಗೋಡಿನ ಪದವುಗಳಲ್ಲಿ ಮುರಕಲ್ಲು ಜಾರತೊಡಗುತ್ತದೆ. ಬೇಸಿಗೆಯಿಡೀ ಕಪ್ಪು ಹಕ್ಕಳೆಯಾಗಿ ಕಲ್ಲಿಗೆ ಅಂಟಿಕೊಂಡಿದ್ದ ಸಯನೋಬ್ಯಾಕ್ಟೀರಿಯಾ, ಅಂದರೆ ನೀಲಿ-ಹಸಿರು ಪಾಚಿ, ನೀರು ಕುಡಿದು ಮತ್ತೆ ಚಿಗುರುವ ಹೊತ್ತು ಅದು. ಬೈಲಿನ ಗದ್ದೆಯಲ್ಲೂ ಇದರ ಬಳಗವಿದೆ. ಅಲ್ಲಿ ಅದು ಗಾಳಿಯ ಸಾರಜನಕವನ್ನು ಹಿಡಿದು ಪೈರಿಗೆ ಒದಗಿಸುತ್ತದೆ. ಇದನ್ನು ವಿಜ್ಞಾನಿ ಪಿ.ಕೆ. ಡೇ 1939ರಲ್ಲೇ ತೋರಿಸಿಕೊಟ್ಟಿದ್ದರು. ಚೆನ್ನಾಗಿ ಬೆಳೆದರೆ ಒಂದು ಹಂಗಾಮಿಗೆ ಹೆಕ್ಟೇರಿಗೆ 20ರಿಂದ 30 ಕಿಲೋ ಸಾರಜನಕ ದಕ್ಕುತ್ತದೆ. ಇಷ್ಟು ಉಪಕಾರಿಯನ್ನು ಕೊಳೆಯೆಂದು ಬಳಿದು ಬಿಸಾಡುವುದನ್ನು ಕಂಡಾಗ ಸಂಕಟವಾಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲೇ ಬೆಳೆಸಿಕೊಳ್ಳಿ. ಜೂನ್ ಬಂದರೆ ಪಾಚಿ ಬೆಳೆಸುವ ಗುಂಡಿ ತುಂಬಿ ಹರಿಯುತ್ತದೆ, ಬಿಸಿಲೂ ಸಿಗದು.

ಬಿಸಿಲು ಬೀಳುವ ಕಡೆ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಗೇಣು ಆಳದ ಗುಂಡಿ ತೋಡಿ ಪ್ಲಾಸ್ಟಿಕ್ ಹಾಳೆ ಹಾಸಿ. ಹತ್ತು ಕಿಲೋ ಜರಡಿ ಹಿಡಿದ ಗದ್ದೆ ಮಣ್ಣಿಗೆ 200 ಗ್ರಾಂ ಸೂಪರ್ ಫಾಸ್ಫೇಟ್ ಬೆರೆಸಿ ಹರಡಿ, ನಾಲ್ಕೈದು ಅಂಗುಲ ನೀರು ನಿಲ್ಲಿಸಿ. ನಮ್ಮ ಕೆಂಪು ಮಣ್ಣಿಗೆ ಹುಳಿ ಹೆಚ್ಚು, ಈ ಪಾಚಿಗೆ ಹುಳಿ ಆಗದು. ಲಿಟ್ಮಸ್ ಕಾಗದದಲ್ಲಿ ನೋಡಿಕೊಂಡು ಹುಳಿ ಹೋಗುವಷ್ಟು ಸುಣ್ಣ ಕದಡಿ. ಮಣ್ಣು ತಳಕ್ಕಿಳಿದು ನೀರು ತಿಳಿಯಾದ ಮೇಲೆ ಕೃಷಿ ಸಂಸ್ಥೆಗಳಲ್ಲಿ ಸಿಗುವ ಈ ಪಾಚಿಯ ಮೂಲ ಪುಡಿಯನ್ನು, ಅಂದರೆ ಬೀಜವನ್ನು, ಮೇಲಿಂದ ಉದುರಿಸಿ. ಆಮೇಲೆ ಕಲಕಬೇಡಿ.

ಸೊಳ್ಳೆ ಮೊಟ್ಟೆಯಿಡದಂತೆ ಕೀಟನಾಶಕ ಹಾಕುವ ರೂಢಿಯಿದೆ. ಎಂಡೋಸಲ್ಫಾನಿನ ನೋವುಂಡ ಈ ನೆಲದಲ್ಲಿ ಅದು ಬೇಡವೇ ಬೇಡ, ತೆಳು ಸೊಳ್ಳೆಪರದೆ ಸಾಕು.

ಎರಡು ವಾರದೊಳಗೆ ದಪ್ಪ ಕೆನೆ ಕಟ್ಟುತ್ತದೆ. ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ ನೋಡಿ. ಉದ್ದುದ್ದ ಎಳೆಯಾಗಿ ಜಗ್ಗಿದರೆ ಅದು ಬರೀ ಹಸಿರು ಪಾಚಿ. ಕಪ್ಪು ಮಿಶ್ರಿತ ಹಸಿರಿನ ಲೋಳೆ ಸಿಕ್ಕಿದರೆ ಒಳ್ಳೆಯ ಲಕ್ಷಣ. ಶಾಲೆಯ ಸೂಕ್ಷ್ಮದರ್ಶಕ ಸಿಕ್ಕರೆ ಖಾತ್ರಿಯೇ ಆಗುತ್ತದೆ: ಮಣಿಸರದಂಥ ಎಳೆ, ಅದರ ನಡುನಡುವೆ ತುಸು ದೊಡ್ಡದಾದ, ಬಣ್ಣ ಮಾಸಿದ, ದಪ್ಪ ಗೋಡೆಯ ಕೋಶ. ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಅದಕ್ಕೇ ಈ ಕೋಶ ಆಮ್ಲಜನಕ ಬಿಡುವ ಕೆಲಸವನ್ನೇ ತೊರೆದಿರುತ್ತದೆ. ಪಕ್ಕದ ಕೋಶಗಳು ಅದಕ್ಕೆ ಸಕ್ಕರೆ ಉಣಿಸುತ್ತವೆ, ಅದು ಸಾರಜನಕ ಹಂಚುತ್ತದೆ. ನೀರಲ್ಲಿ ಯೂರಿಯಾ ಧಾರಾಳವಾಗಿದ್ದರೆ ಇಂಥ ಕೋಶಗಳು ಹುಟ್ಟುವುದೇ ಕಡಿಮೆ. ಪಾಚಿಯನ್ನೂ ಹಾಕಿ ಯೂರಿಯಾವನ್ನೂ ಎಂದಿನಷ್ಟೇ ಸುರಿದರೆ ಪಾಚಿ ಕೆಲಸ ಮಾಡುವುದಿಲ್ಲ.

ಕೆರೆಯ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ತೇಲುವ ಪಾಚಿಯನ್ನು ಮಾತ್ರ ಬೀಜಕ್ಕೆಂದು ತರಬೇಡಿ. ಅದೂ ಸಯನೋಬ್ಯಾಕ್ಟೀರಿಯಾವೇ ಇರಬಹುದು, ಆದರೆ ಅದರ ಕೆಲವು ಜಾತಿಗಳು ವಿಷಕಾರಿ. ದನಗಳೂ ಅಲ್ಲಿ ನೀರು ಕುಡಿಯದಂತೆ ನೋಡಿಕೊಳ್ಳಿ.

ಕೆನೆ ಕಟ್ಟಿದ ಮೇಲೆ ನೀರು ಹಾಕುವುದನ್ನು ನಿಲ್ಲಿಸಿ. ತಳ ಒಣಗಿ ಬಿರಿದು ಹಕ್ಕಳೆ ತಾನಾಗಿ ಏಳುತ್ತದೆ. ಒಂದು ಗುಂಡಿಗೆ ಒಂದೂವರೆ ಕಿಲೋ ಆಸುಪಾಸು ಸಿಗುತ್ತದೆ. ಚೀಲಕ್ಕೆ ತುಂಬಿ ರಸಗೊಬ್ಬರದಿಂದ ದೂರ, ತೇವ ತಾಗದ ಕಡೆ ಇಡಿ.

ನಾಟಿಯಾಗಿ ಒಂದು ವಾರಕ್ಕೆ, ಈ ಹಕ್ಕಳೆಯನ್ನು ಎಕರೆಗೆ ನಾಲ್ಕು ಕಿಲೋದಂತೆ ಗದ್ದೆಯಲ್ಲಿ ನಿಂತ ನೀರಿಗೆ ಎರಚಿ. ಮಳೆ ಹೊಳವಾದ ದಿನವನ್ನೇ ಆರಿಸಿಕೊಂಡು, ನೀರಿನ ಕಂಡಿ ಮುಚ್ಚಿ, ವಾರ ಹತ್ತು ದಿನ ನೀರು ಹೊರಗೆ ಹರಿಯದಂತೆ ಕಾಯಬೇಕು. ಒಂದೆರಡು ಮುಷ್ಟಿ ಹಕ್ಕಳೆ ಉಳಿಸಿಕೊಳ್ಳಿ, ಮುಂದಿನ ಬೇಸಿಗೆಗೆ ಅದೇ ಬೀಜವಾಗುತ್ತದೆ.