ಅಂಗಡಿಗೊಂದು ಫೈಲು: ಎಸ್‌ಕ್ಯೂಲೈಟ್‌ನಲ್ಲಿ ಹಲವು ಗ್ರಾಹಕರ ಡೇಟಾ

ಬಿಲ್ಲಿಂಗ್ ಸಾಫ್ಟ್‌ವೇರ್ ಬಳಸುವ ಅಂಗಡಿಗಳ ಲೆಕ್ಕವನ್ನೆಲ್ಲ ನಾನು ಒಂದೇ ಡೇಟಾಬೇಸಿಗೆ ತುಂಬುವುದಿಲ್ಲ. ಅಂಗಡಿಗೊಂದು ಎಸ್‌ಕ್ಯೂಲೈಟ್ ಫೈಲು (ಇಡೀ ಡೇಟಾಬೇಸನ್ನು ಒಂದು ಫೈಲಿನಲ್ಲಿಡುವ ಸಾಫ್ಟ್‌ವೇರ್ ಈ ಎಸ್‌ಕ್ಯೂಲೈಟ್). ಎಲ್ಲರದೂ ಒಂದೇ ಟೇಬಲ್ಲಿನಲ್ಲಿದ್ದರೆ, ಎಲ್ಲೋ ಒಂದು ಕ್ವೆರಿಯಲ್ಲಿ (ಡೇಟಾ ಕೇಳುವ ಆಜ್ಞೆಯಲ್ಲಿ) ಗ್ರಾಹಕರ ಐಡಿ ಹಾಕುವುದು ಮರೆತರೂ ಸಾಕು, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಕಾಣುತ್ತದೆ. "ನಿನ್ನೆ ರಾತ್ರಿ ಇದ್ದ ಹಾಗೆ ಮಾಡಿಕೊಡಿ ಸಾರ್" ಅಂತ ಒಬ್ಬರು ಕೇಳಿದರೆ ಅವರ ಫೈಲನ್ನಷ್ಟೇ ಹಿಂದಕ್ಕೆ ತರಬಹುದು, ಉಳಿದವರಿಗೆ ಗೊತ್ತೂ ಆಗುವುದಿಲ್ಲ.

ಫೈಲಿಗೆ ಅಂಗಡಿಯ ಹೆಸರು ಇಡಬೇಡಿ, ಬೋರ್ಡು ಬದಲಾಗುತ್ತಿರುತ್ತದೆ. 000417 ಥರ ಬರೀ ಸಂಖ್ಯೆ ಸಾಕು. ಯಾವ ಸಂಖ್ಯೆ ಯಾರದು ಅನ್ನುವುದು ಬೇರೊಂದು ಮುಖ್ಯ ಫೈಲಿನಲ್ಲಿ. ಲಾಗಿನ್ ಆದಮೇಲೆ ಸಂಖ್ಯೆಯನ್ನು ಅಲ್ಲಿಂದಲೇ ತೆಗೆಯಬೇಕು, ಬ್ರೌಸರ್ ಕಳಿಸಿದ್ದನ್ನು ನಂಬಿ ಫೈಲು ತೆರೆಯಬಾರದು.

ಹೆಚ್ಚು ಜನ ಎಡವುವುದು ಬ್ಯಾಕಪ್ಪಿನಲ್ಲಿ. ವಾಲ್ (WAL) ಎಂಬ ಮೋಡಿನಲ್ಲಿ ಹೊಸ ಬಿಲ್ಲು ನೇರ ಅಂಗಡಿಯ ಡಿಬಿ (ಡೇಟಾಬೇಸ್) ಫೈಲಿಗೆ ಹೋಗದೆ ಪಕ್ಕದ ವಾಲ್ ಫೈಲಿನಲ್ಲಿ ಕೂತಿರುತ್ತದೆ. ಅದು 1000 ಪುಟ ತುಂಬಿದಾಗ, ಅಂದರೆ 4096 ಬೈಟಿನ ಪುಟಕ್ಕೆ ಸುಮಾರು 4 ಎಂಬಿ ಆದಾಗ, ಇಲ್ಲವೇ ಕೊನೆಯ ಕನೆಕ್ಷನ್ (ಪ್ರೋಗ್ರಾಂ ಆ ಫೈಲನ್ನು ತೆರೆದಿಟ್ಟುಕೊಂಡಿರುವ ಸಂಪರ್ಕ) ಮುಚ್ಚಿದಾಗ ಡಿಬಿ ಫೈಲಿಗೆ ಸೇರುತ್ತದೆ. ಸಣ್ಣ ಅಂಗಡಿಯ ಇಡೀ ದಿನದ ವ್ಯಾಪಾರ 4 ಎಂಬಿ ಮುಟ್ಟದೇ ಇರಬಹುದು. ಆಗ ಡಿಬಿ ಫೈಲನ್ನಷ್ಟೇ ಕಾಪಿ ಹೊಡೆದರೆ ಕಾಪಿ ಸಲೀಸಾಗಿ ತೆರೆದುಕೊಳ್ಳುತ್ತದೆ, ಎರರ್ ಕೂಡ ಬರುವುದಿಲ್ಲ, ಇವತ್ತಿನ ಬಿಲ್ಲುಗಳು ಮಾತ್ರ ಇರುವುದಿಲ್ಲ. ನಾನು ಬಳಸುವುದು 'ವ್ಯಾಕ್ಯೂಮ್ ಇಂಟು' ಆಜ್ಞೆ (2019ರ 3.27 ಆವೃತ್ತಿಯಿಂದ ಇದೆ). ಅಂಗಡಿ ನಡೆಯುತ್ತಿದ್ದರೂ ಪೂರ್ತಿ ಕಾಪಿ ಸಿಗುತ್ತದೆ. ಅದೇ ಹೆಸರಿನ ಫೈಲು ಮೊದಲೇ ಇದ್ದರೆ ಕೆಲಸ ಮಾಡುವುದಿಲ್ಲ, ಹಾಗಾಗಿ ಹೆಸರಿನಲ್ಲಿ ತಾರೀಕು, ಗಂಟೆ ಸೇರಿಸಿ. ಆಮೇಲೆ ಆ ಕಾಪಿಯ ಮೇಲೆ ಫೈಲು ಕೆಟ್ಟಿಲ್ಲವೇ ಎಂದು ನೋಡುವ 'ಇಂಟೆಗ್ರಿಟಿ ಚೆಕ್' ಓಡಿಸಿ 'ಓಕೆ' ಬಂದರಷ್ಟೇ ಹಳೆಯದನ್ನು ಅಳಿಸುತ್ತೇನೆ.

ವಾಪಸ್ ಹಾಕುವಾಗ ಮೊದಲು ಎಲ್ಲ ಕನೆಕ್ಷನ್ ಮುಚ್ಚಿ, ಹಳೆಯ ಡಿಬಿಯ ಜೊತೆಗೆ ಅದರ ವಾಲ್ ಮತ್ತು ಎಸ್‌ಎಚ್‌ಎಂ (ವಾಲ್ ಜೊತೆ ಇರುವ ಸಹಾಯಕ ಫೈಲು) ಫೈಲುಗಳನ್ನೂ ಬೇರೆ ಫೋಲ್ಡರಿಗೆ ಸರಿಸಿ. ಹಳೆಯ ವಾಲ್ ಪಕ್ಕಕ್ಕೆ ಹೊಸ ಡಿಬಿ ಇಟ್ಟರೆ ಚೆನ್ನಾಗಿದ್ದ ಡೇಟಾವೂ ಕೆಡಬಹುದು.

ಟೇಬಲ್ಲಿನ ರಚನೆಯ ಬದಲಾವಣೆ ಈ ಪದ್ಧತಿಯ ದೊಡ್ಡ ತಲೆನೋವು. ನೂರು ಫೈಲಿದ್ದರೆ ನೂರು ಸಲ ಮಾಡಬೇಕು. ಪ್ರತಿ ಫೈಲಿನ 'ಯೂಸರ್ ವರ್ಷನ್' (ಫೈಲಿನೊಳಗೆ ನಾವೇ ಬರೆದಿಡುವ ಆವೃತ್ತಿ ಸಂಖ್ಯೆ) ನೋಡಿ, ಬದಲಾವಣೆಯನ್ನೂ ಹೊಸ ಸಂಖ್ಯೆಯನ್ನೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ (ಪೂರ್ತಿ ಆಗುವ, ಇಲ್ಲವೇ ಏನೂ ಆಗದ ಕೆಲಸದ ಗುಂಪಿನಲ್ಲಿ) ಬರೆದರೆ ನಡುವೆ ಕರೆಂಟ್ ಹೋದರೂ ಎಲ್ಲಿಗೆ ನಿಂತಿತೆಂದು ತಿಳಿಯುತ್ತದೆ.

ಅಂಗಡಿಗಳು ಹೆಚ್ಚಾದಂತೆ ಒಂದು ದಿನ 'ಡೇಟಾಬೇಸ್ ಫೈಲ್ ತೆರೆಯಲಾಗದು' ಎಂಬ ಎರರ್ ಬರುತ್ತದೆ. ಪರ್ಮಿಷನ್ ಹುಡುಕುತ್ತ ಕೂರಬೇಡಿ. ಲಿನಕ್ಸಿನಲ್ಲಿ ಒಂದು ಪ್ರೊಸೆಸ್ಸಿಗೆ (ಓಡುತ್ತಿರುವ ಪ್ರೋಗ್ರಾಂಗೆ) ಸಾಮಾನ್ಯವಾಗಿ 1024 ಫೈಲುಗಳ ಮಿತಿ. ವಾಲ್ ಮೋಡಿನಲ್ಲಿ ತೆರೆದ ಪ್ರತಿ ಅಂಗಡಿಗೂ ಮೂರು (ಡಿಬಿ, ವಾಲ್, ಎಸ್‌ಎಚ್‌ಎಂ) ಖರ್ಚು, 340 ಅಂಗಡಿಗಳ ಆಸುಪಾಸಿನಲ್ಲೇ ಮುಗಿಯುತ್ತದೆ. ಐದು ನಿಮಿಷ ಸುಮ್ಮನಿರುವ ಕನೆಕ್ಷನ್ ಮುಚ್ಚಿಬಿಡಿ.

ಇನ್ನು ಈ ಫೈಲುಗಳನ್ನು ನೆಟ್‌ವರ್ಕ್ ಶೇರಿನಲ್ಲಿ ಇಡಲೇಬೇಡಿ, ವಾಲ್ ಅಲ್ಲಿ ನಡೆಯುವುದಿಲ್ಲ.

ಗ್ರಾಹಕರು ಬಿಟ್ಟುಹೋದರೆ ಫೈಲು ಅಳಿಸುವುದು ಒಂದು ಕ್ಷಣದ ಕೆಲಸ. ಆದರೆ ಜಿಎಸ್‌ಟಿ ಕಾಯ್ದೆಯಂತೆ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಅವರು ಲೆಕ್ಕ ಇಟ್ಟುಕೊಳ್ಳಬೇಕು. ಒಂದು ಕಾಪಿ ಪೆನ್‌ಡ್ರೈವಿಗೆ ಹಾಕಿಕೊಟ್ಟು, ಮುಟ್ಟಿತೆಂದು ಬರೆಸಿಕೊಂಡ ಮೇಲೆ ಅಳಿಸಿ.