ಮಳೆಗಾಲದ ಬ್ಲಾಕಿಗೆ ತೋಟದ ಮೈಲುತುತ್ತ

ಶಿವಮೊಗ್ಗದಲ್ಲಿ ಆಷಾಢದ ಮಳೆ ಹಿಡಿಯಿತು ಅಂದರೆ ನಮ್ಮ ಬಯಾಪ್ಸಿ ಲ್ಯಾಬಿನ ಬ್ಲಾಕುಗಳು ಕೆಡುತ್ತಿದ್ದವು. ಬ್ಲಾಕ್ ಅಂದರೆ ರೋಗಿಯ ದೇಹದಿಂದ ತೆಗೆದ ಚೂರಿನ (ಟಿಶ್ಯೂ) ನೀರನ್ನು ಆಲ್ಕೋಹಾಲಿನಲ್ಲಿ ತೆಗೆದು, ಝೈಲೀನ್ ದಾಟಿಸಿ, ಮೇಣದಲ್ಲಿ ಕೂರಿಸಿದ ಗಟ್ಟಿ. ಬೇಸಿಗೆಯಲ್ಲಿ 4 ಮೈಕ್ರಾನ್ ದಪ್ಪದ ಸೆಕ್ಷನ್ನುಗಳ (ತೆಳು ಹೋಳುಗಳ) ರಿಬ್ಬನ್ ಸಲೀಸಾಗಿ ಬರುತ್ತಿದ್ದ ಅದೇ ಮೈಕ್ರೋಟೋಮ್ (ಹೋಳು ಕೊಯ್ಯುವ ಯಂತ್ರ), ಅದೇ ಕೈ. ಜುಲೈನಲ್ಲಿ ಮಾತ್ರ ಬ್ಲಾಕಿನ ನಡುಭಾಗ ಮೆತ್ತಗೆ, ಉಗುರು ಒತ್ತಿದರೆ ತಗ್ಗು. ವಾಟರ್ ಬಾತಿಗೆ ಬಿಟ್ಟ ಕೂಡಲೇ ಸೆಕ್ಷನ್ ನಡುವೆ ತೂತು ಬಿದ್ದು ಚದುರಿಹೋಗುತ್ತಿತ್ತು.

ಬ್ಲೇಡ್ ಬದಲಾಯಿಸಿ ಅಂದರು. ಬದಲಾಯಿಸಿದೆ, ಪ್ಯಾಕಿಗೆ ಐದಾರು ಸಾವಿರ. ಮೇಣ ಬದಲಾಯಿಸಿ ಅಂದರು, ಅದನ್ನೂ ಮಾಡಿದೆ. ಮೂರು ದಿನಕ್ಕೊಮ್ಮೆ ಐಸೋಪ್ರೊಪೈಲ್ ಆಲ್ಕೋಹಾಲ್ ಚೆಲ್ಲಿ ಹೊಸದು ಹಾಕಿದೆ. ಆ ಒಂದು ಮಳೆಗಾಲಕ್ಕೇ ಸುಮಾರು 20 ಸಾವಿರ ನೀರಲ್ಲಿ ಹೋಯಿತು.

ದುಡ್ಡಿಗಿಂತ ಹೊಟ್ಟೆ ಉರಿಸಿದ್ದು ಬಾಯಿಯ ಬಯಾಪ್ಸಿಗಳು. ನಮ್ಮದು ಅಡಿಕೆ ಸೀಮೆ, ಕೆನ್ನೆಯ ಒಳಗಿಂದ ತೆಗೆದ ಚೂರುಗಳು ಬರುತ್ತಲೇ ಇರುತ್ತವೆ. ಕಡಲೆ ಬೇಳೆಯಷ್ಟು ಚೂರು. ಅದು ಪುಡಿಯಾದರೆ ಎರಡನೇ ಚೂರು ಎಲ್ಲಿಂದ ತರೋದು? ಮೇಣ ಕರಗಿಸಿ, ಹಿಂದಕ್ಕೆ ಆಲ್ಕೋಹಾಲಿಗೆ ಒಯ್ದು ಮತ್ತೆ ಶುರು ಮಾಡಿದರೆ ಎರಡು ದಿನ ಜಾಸ್ತಿ. ಹೊಸನಗರದಿಂದ ರಿಪೋರ್ಟಿಗೆ ಬಸ್ ಹತ್ತಿ ಬಂದವರಿಗೆ ‘ನಾಡಿದ್ದು ಬನ್ನಿ’ ಅನ್ನೋದು ಎಷ್ಟು ಕಷ್ಟ ಗೊತ್ತಾ?

ಒಂದು ದಿನ ಮೊದಲ ಝೈಲೀನ್ ಜಾರ್ ತೆಳು ಮಜ್ಜಿಗೆ ಥರ ಮಸುಕಾಗಿದ್ದು ಕಣ್ಣಿಗೆ ಬಿತ್ತು. ಅಂದರೆ ಟಿಶ್ಯೂವಿನಲ್ಲಿ ನೀರು ಉಳಿದಿದೆ. ಕಡೆಯ ಆಲ್ಕೋಹಾಲೇ ಗಾಳಿಯ ತೇವ ಕುಡಿದು ಕೂತಿತ್ತು. ಕಣ್ಣಿಗೆ ನೋಡಿದರೆ ಹೊಸದಕ್ಕೂ ಹಳೆಯದಕ್ಕೂ ವ್ಯತ್ಯಾಸವೇ ಇಲ್ಲ, ಅಲ್ವಾ?

ಅದೇ ವಾರ ತೀರ್ಥಹಳ್ಳಿ ಹತ್ತಿರ ಭಾವನ ತೋಟಕ್ಕೆ ಹೋಗಿದ್ದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮೈಲುತುತ್ತ (ತಾಮ್ರದ ಸಲ್ಫೇಟ್) ನೆನೆಹಾಕಿದ್ದರು. ನೀರು ಕಳೆದುಕೊಂಡರೆ ಅದು ಬಿಳಿ, ನೀರು ಸಿಕ್ಕರೆ ನೀಲಿ. ತಲೆಗೆ ಹೊಳೆದದ್ದೇ ಆಗ. ಒಂದು ಕೆಜಿ ಕೇಳಿದೆ. ‘ತೋಟದ ಔಷಧಿ ಲ್ಯಾಬಿಗೆ ಯಾಕೋ ಮಾರಾಯ?’ ಅಂದರು ಭಾವ. ನಮ್ಮ ಡಾಕ್ಟರ್ ಮೇಡಂ ಕೂಡ, ‘ಪೇಷಂಟ್ ಸ್ಯಾಂಪಲ್ ಮೇಲೆ ಪ್ರಯೋಗ ಬೇಡ’ ಅಂದರು. ಸರಿಯಾದ ಮಾತೇ. ಅದಕ್ಕೆ ಮೊದಲ ಹದಿನೈದು ದಿನ ಅಂಗಡಿಯಿಂದ ತಂದ ಕೋಳಿ ಈಲಿಯಲ್ಲೇ ಮಾಡಿದೆ.

ಮೊದಲ ಸಲ ಕಬ್ಬಿಣದ ಬಾಣಲೆಯಲ್ಲಿ ಹುರಿದೆ. ಹರಳಿನ ನೀರು ಬಿಟ್ಟುಕೊಂಡು ಬಾಣಲೆಗೆಲ್ಲ ಕೆಂಪು ತಾಮ್ರ ಹಿಡಿಯಿತು, ಪುಡಿ ಹಾಳು. ಎರಡನೇ ಸಲ ಪಿಂಗಾಣಿ ಬಟ್ಟಲು, ಸಣ್ಣ ಉರಿ, ಸುಮಾರು 40 ನಿಮಿಷ. ಬೂದಿಬಣ್ಣ ಬರುವ ಮೊದಲೇ ಇಳಿಸಬೇಕು. ಹಿಟ್ಟಿನಂಥ ಬಿಳಿ ಪುಡಿ ಬಂತು. ಅದನ್ನು ಕಡೆಯ ಆಲ್ಕೋಹಾಲ್ ಜಾರಿನ ತಳಕ್ಕೆ ಒಂದು ಬೆರಳು ದಪ್ಪ ಹಾಕಿ, ಟಿಶ್ಯೂಗೆ ತಾಗದ ಹಾಗೆ ಮೇಲೆ ಫಿಲ್ಟರ್ ಪೇಪರ್ ಮುಚ್ಚಿದೆ. ಎಷ್ಟು ಪದರ, ಅಂಚು ಹೇಗೆ ಕೂರಿಸೋದು ಅನ್ನೋದು ನನ್ನ ಹತ್ತಿರವೇ ಇರಲಿ. ಮೂರು ವಾರ ಒದ್ದಾಡಿ ಕಲಿತದ್ದು ಅದು.

ಪುಡಿ ನೀಲಿಯಾದರೆ ಆಲ್ಕೋಹಾಲ್ ಬದಲಿಸು, ಇಲ್ಲದಿದ್ದರೆ ಮುಟ್ಟಬೇಡ. ನೀಲಿಯಾದದ್ದನ್ನು ಮತ್ತೆ ಹುರಿದರೆ ಮತ್ತೆ ಬಿಳಿ. ಸಿಲಿಕಾ ಜೆಲ್ ಕೂಡ ನೋಡಿದೆ, ನನಗೆ ಸರಿಬರಲಿಲ್ಲ. ಇದೇ ಗುಂಗಿನಲ್ಲಿ ಆಲ್ಕೋಹಾಲಿಗೆ ಎರಡು ಹನಿ ಇಯೋಸಿನ್ ಅನ್ನೋ ಗುಲಾಬಿ ಬಣ್ಣ ಬಿಟ್ಟೆ. ಎಂಡೋಸ್ಕೋಪಿಯ ಸಾಸಿವೆಯಷ್ಟು ಚೂರುಗಳು ಗುಲಾಬಿಯಾಗಿ, ಎಂಬೆಡ್ ಮಾಡುವಾಗ ಮೇಣದಲ್ಲಿ ಕಳೆದುಹೋಗೋದು ನಿಂತಿತು. ಬೇರೆ ಲ್ಯಾಬುಗಳಲ್ಲಿ ಮೊದಲಿಂದ ಮಾಡುತ್ತಾರಂತೆ, ನನಗೆ ಹೊಸದು.

ವಾರಕ್ಕೆ ಎಂಟು ಹತ್ತು ಬ್ಲಾಕ್ ಮರು ಪ್ರೊಸೆಸ್ ಆಗುತ್ತಿದ್ದದ್ದು ಈಗ ಒಂದೋ ಎರಡೋ. ಆಲ್ಕೋಹಾಲಿನ ಖರ್ಚು ಹೆಚ್ಚುಕಡಿಮೆ ಅರ್ಧ. ಕಳೆದ ಆಗಸ್ಟಿನಲ್ಲಿ ಜಡಿಮಳೆ ಸುರಿಯುವಾಗಲೇ ಒಂದು ಕೆನ್ನೆ ಚೂರಿನಿಂದ ಹನ್ನೆರಡು ಸೆಕ್ಷನ್ ಒಂದೂ ಹರಿಯದೆ ಬಂದವು. ಸ್ಲೈಡಿನಲ್ಲಿ ಕೆರಾಟಿನ್ ಮುತ್ತುಗಳು, ಅಂದರೆ ಕ್ಯಾನ್ಸರಿನ ಗುರುತು, ಸ್ಪಷ್ಟವಾಗಿ ಕಂಡವು. ಮೇಡಂ ಅವತ್ತೇ ರಿಪೋರ್ಟ್ ಬರೆದು, ಮರುದಿನವೇ ಆ ಮನುಷ್ಯರನ್ನು ಸರ್ಜನ್ ಹತ್ತಿರ ಕಳಿಸಿದರು. ಆಮೇಲೆ ನನ್ನ ಟೇಬಲ್ ಹತ್ತಿರ ಬಂದು, ‘ಮೈಲುತುತ್ತ ಇನ್ನೂ ಇದೆಯೇನ್ರೀ?’ ಅಂತ ಕೇಳಿದರು. ಈ ಮಳೆಗಾಲಕ್ಕೆ ಎರಡು ಕೆಜಿ ತಂದಿಟ್ಟಿದ್ದೇನೆ.